ಬೆನ್ನು ನೋವಿಗೂ ಕೈ ಜೋಮಿಗೂ ಸಂಬಂಧ ಇದೆಯಾ?

ಪ್ರಶ್ನೆ: ಎರಡು ವರ್ಷದಿಂದ ಬೆನ್ನು ನೋವು. ಈಗ ಮೂರು ತಿಂಗಳಿಂದ ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ. ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವುದು) ಇರಬಹುದು ಎಂದರು. ಎರಡಕ್ಕೂ ಮೂಲ ಒಂದೇನಾ? ಅನುಭವ ಇದ್ದವರು ಹೇಳಿ.

ಉತ್ತರ 1: ನನಗೂ ಎರಡೂ ಇದ್ದವು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಬೆನ್ನಿನಲ್ಲಿ ಎಲ್ಲಿ ನೋವು ಅನ್ನೋದನ್ನು ಮೊದಲು ನೋಡಿಕೊಳ್ಳಿ. ಸೊಂಟದ ಹತ್ತಿರ ಹೊರಡುವ ನರಗಳು ಕಾಲಿಗೆ ಹೋಗುತ್ತವೆ. ಕೈಗೆ ಬರುವವು ಕತ್ತಿನಿಂದ. ನನ್ನ ನೋವು ಹೆಗಲಿನ ಎರಡು ಮೂಳೆಗಳ ನಡುವೆ ಇತ್ತು. ಅದನ್ನು ಬೆನ್ನು ನೋವು ಅಂತಲೇ ಹೇಳಿಕೊಂಡು ಓಡಾಡುತ್ತಿದ್ದೆ. ಡಾಕ್ಟರು ನನ್ನ ತಲೆಯನ್ನು ಹಿಂದಕ್ಕೆ ಬಾಗಿಸಿ, ಬಲಕ್ಕೆ ವಾಲಿಸಿ ಮೆಲ್ಲಗೆ ಒತ್ತಿದರು. ತೋಳಿನುದ್ದಕ್ಕೂ ಕರೆಂಟ್ ಹೊಡೆದ ಹಾಗಾಯಿತು. ತೊಂದರೆ ಕತ್ತಿನಲ್ಲಿತ್ತು.

ಆಮೇಲೆ "ಯಾವ ಬೆರಳು?" ಎಂದು ಕೇಳಿದರು. "ಇಡೀ ಕೈ" ಅಂದೆ. ಎಲ್ಲರೂ ಹಾಗೇ ಹೇಳ್ತಾರಂತೆ! ಮುಂದಿನ ಸಲ ಎಚ್ಚರವಾದಾಗ ಲೈಟ್ ಹಾಕಿ ಒಂದೊಂದೇ ಬೆರಳು ಮುಟ್ಟಿ ನೋಡಿ ಎಂದರು. ನೋಡಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿದ್ದವು. ಉಂಗುರ ಬೆರಳಿನಲ್ಲಿ ನಡುಬೆರಳಿನ ಕಡೆಯ ಅರ್ಧ ಮಾತ್ರ. ಕಿರುಬೆರಳಿಗೆ ಏನೂ ಆಗಿರಲಿಲ್ಲ. ಕಾರ್ಪಲ್ ಟನಲ್‌ನಲ್ಲಿ ಒತ್ತಿಕೊಳ್ಳುವ ಮೀಡಿಯನ್ ನರದ ಗಡಿ ಅಷ್ಟೇ. ಮಣಿಕಟ್ಟಿನಲ್ಲಿ ಈ ನರ 9 ಟೆಂಡನ್‌ಗಳ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳ) ಜೊತೆ ಒಂದೇ ಇಕ್ಕಟ್ಟಿನ ಜಾಗದಲ್ಲಿ ತೂರಿಕೊಂಡು ಹೋಗಬೇಕು. ಅಲ್ಲಿ ಊತ ಬಂದರೆ ಪೆಟ್ಟು ತಿನ್ನುವುದು ನರವೇ.

ಗೊಂದಲ ಎಲ್ಲಿ ಅಂದರೆ, ಕತ್ತಿನ 6 ಮತ್ತು 7ನೇ ನರಗಳು ಒತ್ತಿದರೂ ಹೆಚ್ಚುಕಡಿಮೆ ಇದೇ ಬೆರಳುಗಳಿಗೆ ಜೋಮು. ಅದಕ್ಕೆ ನರದಲ್ಲಿ ಸಂಕೇತ ಹೇಗೆ ಹರಿಯುತ್ತದೆ ಅಂತ ನೋಡುವ ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿಸಿದರು, ಕತ್ತಿನ ಎಂಆರ್‌ಐ ಕೂಡ. ನನಗೆ ಎರಡೂ ಕಡೆ ಒತ್ತಡ ಇತ್ತು. ಇದಕ್ಕೆ ಡಬಲ್ ಕ್ರಷ್ ಅನ್ನುತ್ತಾರೆ. ಮೇಲೆ ಒತ್ತಿಸಿಕೊಂಡ ನರ ಕೆಳಗೆ ಸಣ್ಣ ಒತ್ತಡಕ್ಕೂ ಸೋಲುತ್ತದೆ ಅನ್ನೋ ವಾದ. 1973ರಲ್ಲಿ ಅಪ್ಟನ್, ಮೆಕೋಮಾಸ್ ಎಂಬಿಬ್ಬರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದು. ವೈದ್ಯರಲ್ಲೇ ಇದನ್ನು ಪೂರ್ತಿ ಒಪ್ಪದವರೂ ಇದ್ದಾರೆ. ನಾನಂತೂ ಎರಡು ಕಡೆಗೂ ಚಿಕಿತ್ಸೆ ಮಾಡಿಸಿದೆ. ಮಣಿಕಟ್ಟು ಬೇಗ ಸುಧಾರಿಸಿತು, ಕತ್ತು ವರ್ಷ ತಿಂದಿತು.

ಉತ್ತರ 2: ನನ್ನದು ಅಪ್ಪಟ ಸೊಂಟ ನೋವು. ಆದರೂ ಕೈಗೆ ಬಂತು! ಕುರ್ಚಿಯಿಂದ ಏಳುವಾಗ ಸೊಂಟ ಹಿಡಿಯುತ್ತದೆ ಅಂತ ಎರಡೂ ಅಂಗೈ ಊರಿ, ಮಣಿಕಟ್ಟು ಹಿಂದಕ್ಕೆ ಮಡಚಿ, ಮೈಭಾರ ಅದರ ಮೇಲೆ ಹಾಕಿ ಏಳುತ್ತಿದ್ದೆ. ದಿನಕ್ಕೆ ಎಷ್ಟು ಸಲವೋ. ಫಿಸಿಯೋ ಮೊದಲ ದಿನವೇ ಹಿಡಿದರು. ಈಗ ಕುರ್ಚಿಯ ಅಂಚಿಗೆ ಸರಿದು, ಪಾದ ಹಿಂದೆ ಇಟ್ಟು, ತೊಡೆಯ ಬಲದಲ್ಲಿ ಏಳುತ್ತೇನೆ. ನಿಮ್ಮನ್ನೂ ಒಂದು ದಿನ ಗಮನಿಸಿಕೊಳ್ಳಿ.

ಉತ್ತರ 3: ರಾತ್ರಿ ಮಣಿಕಟ್ಟಿಗೆ ಸ್ಪ್ಲಿಂಟ್ (ಆಸರೆಯ ಪಟ್ಟಿ) ಹಾಕಿ. ಮಣಿಕಟ್ಟು ನೆಟ್ಟಗೆ ಇರಬೇಕು ಅಷ್ಟೇ, ಬಿಗಿಯಬಾರದು. ನಾನು ಬಿಗಿದು ಕಟ್ಟಿ ಜೋಮು ಜಾಸ್ತಿ ಮಾಡಿಕೊಂಡೆ. ಥೈರಾಯ್ಡ್, ಶುಗರ್ ಎರಡೂ ನೋಡಿಸಿ. ನನಗೆ ಥೈರಾಯ್ಡ್ ಕಡಿಮೆ ಇರೋದು ಗೊತ್ತಾಗಿದ್ದೇ ಈ ಕೈಯಿಂದ.

ಉತ್ತರ 4: ಅಪರೂಪದ ಒಂದು ವಿಷಯ. ನಮ್ಮ ತಂದೆಗೆ ಎರಡೂ ಕೈಗೆ ಕಾರ್ಪಲ್ ಟನಲ್ ಆಪರೇಷನ್ ಆಗಿತ್ತು. ಕೆಲವು ವರ್ಷದ ಮೇಲೆ ಸೊಂಟದಲ್ಲಿ ನರದ ದಾರಿ ಕಿರಿದಾಯಿತು. ಆಮೇಲೆ ಏದುಸಿರು. ಕೊನೆಗೆ ತಿಳಿದದ್ದು ಅಮೈಲಾಯ್ಡ್ ಅಂತ. ಒಂದು ಪ್ರೋಟೀನ್ ಮಣಿಕಟ್ಟು, ಬೆನ್ನು, ಹೃದಯ ಎಲ್ಲ ಕಡೆ ಕೂರುತ್ತದೆ. ಹೆದರಿಸಲು ಹೇಳಿದ್ದಲ್ಲ. ವಯಸ್ಸಾದವರಿಗೆ ಎರಡೂ ಕೈ, ಬೆನ್ನು ಒಟ್ಟಿಗೆ ಇದ್ದರೆ ಡಾಕ್ಟರಿಗೆ ಹೇಳಿ. ಇನ್ನೊಂದು, ಗುಂಡಿ ಹಾಕಲು ಕೈ ತಡವರಿಸಿದರೆ, ನಡೆಯುವಾಗ ಓಲಾಡಿದರೆ ಕಾಯಬೇಡಿ, ಕತ್ತಿನಲ್ಲಿ ಬೆನ್ನುಹುರಿಯೇ ಒತ್ತಿರಬಹುದು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಲೈಟ್ ಹಾಕಿ ನೋಡಿದೆ. ಜೋಮು ಇರೋದು ಕಿರುಬೆರಳಿಗೆ! ಹೆಬ್ಬೆರಳಿಗೆ ಏನೂ ಇಲ್ಲ.

ಉತ್ತರ 1: ಹಾಗಿದ್ರೆ ಮೀಡಿಯನ್ ಅಲ್ಲ, ಕಿರುಬೆರಳಿಗೆ ಬರುವ ಅಲ್ನಾರ್ ನರ ಇರಬಹುದು. ಅದು ಹೆಚ್ಚಾಗಿ ಸಿಕ್ಕಿಕೊಳ್ಳೋದು ಮೊಣಕೈಯಲ್ಲಿ. ಕೈ ಮಡಚಿ ತಲೆ ಕೆಳಗೆ ಇಟ್ಟು ಮಲಗ್ತೀರಾ?