ಗೋಡೆಗೆ ಬೂಸ್ಟು ಹಿಡಿದಿದೆ, ಬಣ್ಣ ಹೊಡೆದರೆ ಸಾಕಾ? ಮುಂಬೈ, ಪುಣೆ, ಗೋವಾದವರು ಹೇಳಿ

ಡೊಂಬಿವಲಿಯಿಂದ ಪ್ರಶ್ನೆ

ಬಾಡಿಗೆ ಮನೆ, ಕಟ್ಟಡದ ಕೊನೆಯ ಮಹಡಿ. ಬೆಡ್‌ರೂಮಿನ ಪಶ್ಚಿಮದ ಗೋಡೆಗೆ ಒತ್ತಿ ವಾರ್ಡ್‌ರೋಬ್ ಇಟ್ಟಿದ್ದೆವು. ನಿನ್ನೆ ಸರಿಸಿ ನೋಡಿದರೆ ಗೋಡೆ ತುಂಬ ಕಪ್ಪು ಚುಕ್ಕೆ, ಪ್ಲೈವುಡ್ಡಿನ ಹಿಂಬದಿಗೆ ಹಸಿರು ಬೂಸ್ಟು. ರೇಷ್ಮೆ ಸೀರೆಗಳಿಗೂ ಮುಗ್ಗಲು ವಾಸನೆ. ಮಗಳಿಗೆ ನಾಲ್ಕು ವರ್ಷ, ರಾತ್ರಿ ಕೆಮ್ಮುತ್ತಾಳೆ. ಮನೆ ಮಾಲೀಕರು "ಗಣಪತಿ ಹಬ್ಬದೊಳಗೆ ಒಂದು ಕೋಟ್ ಬಣ್ಣ ಹೊಡೆಸ್ತೀನಿ" ಅಂತಿದ್ದಾರೆ. ಅಷ್ಟು ಸಾಕಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಮುಲುಂಡ್‌ನಿಂದ

ಸಾಕಾಗಲ್ಲ ತಂಗಿ. ಕಟ್ಟಡ ರಿಪೇರಿ ಕೆಲಸದಲ್ಲೇ ಕೂದಲು ನರೆತವನು ನಾನು, ಸ್ವಲ್ಪ ಉದ್ದ ಬರೀತೀನಿ. ಹಸಿ ಗೋಡೆ ಮೇಲೆ ಬಣ್ಣ ಹೊಡೆಸಿದರೆ ದೀಪಾವಳಿ ಹೊತ್ತಿಗೆ ಗುಳ್ಳೆ ಎದ್ದು ಪುಟ್ಟಿ ಸಮೇತ ಉದುರುತ್ತೆ. ಬೂಸ್ಟು ನೀರಿದ್ದ ಕಡೆ ಬರುವಂಥದ್ದು. ನೀರು ಎಲ್ಲಿಂದ ಬರ್ತಿದೆ ಅಂತ ಪತ್ತೆ ಮಾಡದೆ ಏನು ಬಳಿದರೂ ದಂಡ.

ಮೂರು ಕಡೆಯಿಂದ ಬರಬಹುದು: ಹೊರಗಿನ ಮಳೆ, ಗೋಡೆಯೊಳಗಿನ ಪೈಪು, ಮನೆಯೊಳಗಿನ ಹಬೆ. ದೊಡ್ಡ ಮಳೆಯಾಗಿ ಒಂದೆರಡು ದಿನಕ್ಕೆ ಕಲೆ ಅಗಲ ಆದರೆ ಅದು ಹೊರಗೋಡೆ ಅಥವಾ ಟೆರೇಸ್. ಏಪ್ರಿಲ್-ಮೇನಲ್ಲೂ ಗೋಡೆ ಹಸಿಯಾಗಿದ್ದರೆ ಪೈಪು. ಬರೀ ಮೂಲೆಯಲ್ಲಿ, ಸಾಮಾನಿನ ಹಿಂದೆ ಮಾತ್ರ ಚುಕ್ಕೆ ಇದ್ದರೆ ಹೆಚ್ಚಾಗಿ ಗಾಳಿಯಾಡದೆ ಹಬೆ ಕೂತದ್ದು. ಅನುಮಾನ ಇದ್ದರೆ ಗೋಡೆಯ ಮೇಲ್ಮೈ ಒರೆಸಿ ಒಣಗಿಸಿ, ಅಡುಗೆಮನೆ ಫಾಯಿಲ್ ಒಂದು ಅಡಿ ಚೌಕ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ ಒಂದೆರಡು ದಿನ ಬಿಡಿ. ತೆಗೆದಾಗ ಫಾಯಿಲ್‌ನ ಹಿಂದೆ ನೀರಿದ್ದರೆ ಗೋಡೆಯೊಳಗಿಂದ ಪಸೆ ಬರ್ತಿದೆ. ಮುಂದೆ ಇದ್ದರೆ ಅದು ಕೋಣೆಯ ಹಬೆ.

ಇನ್ನೊಂದು. ಗೋಡೆಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಎಲ್ಲಾ ಬೂಸ್ಟಲ್ಲ, ಎಷ್ಟೋ ಸಲ ಇಟ್ಟಿಗೆ-ಸಿಮೆಂಟಿನ ಉಪ್ಪು. ಒಂದು ಹನಿ ನೀರು ಹಾಕಿ. ಉಪ್ಪಾದರೆ ಕರಗುತ್ತೆ. ಆದರೆ ಉಪ್ಪು ಎದ್ದಿದೆ ಅಂದರೂ ಗೋಡೆಯಲ್ಲಿ ನೀರಿದೆ ಅಂತಲೇ ಅರ್ಥ.

ನಿಮ್ಮದು ಕೊನೆ ಮಹಡಿ, ಪಶ್ಚಿಮದ ಗೋಡೆ. ಮುಂಬೈ ಮಳೆ ಹೊಡೆಯೋದೇ ಆ ದಿಕ್ಕಿನಿಂದ. ಮಳೆ ಬಿಟ್ಟಾಗ ಹೊರಗೆ ನಿಂತು ಕಿಟಕಿ ಮೇಲಿನ ಛಜ್ಜಾ ನೋಡಿ. ಛಜ್ಜಾ ಗೋಡೆಗೆ ಸೇರುವ ಸಂದಿಯಲ್ಲಿ ಬಿರುಕು ಇರುತ್ತೆ, ಅದರಲ್ಲಿ ಮಣ್ಣು ಕೂತು ಅರಳಿ ಗಿಡ ಹುಟ್ಟಿರುತ್ತೆ. ಎಲೆ ಎರಡೇ ಇದ್ದರೂ ಬೇರು ಗೋಡೆಯೊಳಗೆ ಮಾರುದ್ದ ಹೋಗಿರುತ್ತೆ. ಬರೀ ಕಿತ್ತರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತೆ, ಬೇರು ತೆಗೆಸಿ ಬಿರುಕು ಮುಚ್ಚಿಸಬೇಕು. ಟೆರೇಸ್ ಮೇಲೆ ಅನುಮಾನ ಇದ್ದರೆ ನೀರು ಹೋಗುವ ತೂತು ಮುಚ್ಚಿ ನೀರು ನಿಲ್ಲಿಸಿ ನೋಡ್ತಾರೆ, ಪಾಂಡಿಂಗ್ ಟೆಸ್ಟ್ ಅಂತ.

ಒಳಗಿನಿಂದ ವಾಟರ್‌ಪ್ರೂಫ್ ಕೋಟ್ ಹಚ್ಚಿಕೊಡ್ತೀವಿ ಅಂತ ಯಾರಾದರೂ ಬಂದರೆ ಬೇಡ ಅನ್ನಿ. ನೀರು ಹೊರಗಿನಿಂದಲೇ ನಿಲ್ಲಬೇಕು, ಒಳಗೆ ತಡೆದರೆ ಪಕ್ಕದ ಗೋಡೆಗೆ ದಾರಿ ಹುಡುಕುತ್ತೆ. ಬಣ್ಣದ ಕೆಲಸ ಗೋಡೆ ಪೂರ್ತಿ ಒಣಗಿದ ಮೇಲೆ, ನವೆಂಬರ್ ನಂತರ.

ಅಂಧೇರಿಯಿಂದ

ಇಷ್ಟೆಲ್ಲ ಪುರಾಣ ಯಾಕೆ ಮಾರಾಯ್ರೆ? ಬ್ಲೀಚಿಂಗ್ ಪೌಡರ್‌ಗೆ ಸ್ವಲ್ಪ ಟಾಯ್ಲೆಟ್ ಆಸಿಡ್ ಸೇರಿಸಿ ಉಜ್ಜಿ, ಐದು ನಿಮಿಷದಲ್ಲಿ ಬೆಳ್ಳಗಾಗ್ತದೆ.

ಠಾಣೆಯಿಂದ

ಅಣ್ಣಾ, ದಯವಿಟ್ಟು ಹೀಗೆ ಬರೀಬೇಡಿ, ಓದಿದವರು ಮಾಡಿಬಿಡ್ತಾರೆ. ನಾನು ನರ್ಸ್. ಬ್ಲೀಚ್‌ಗೆ ಆಸಿಡ್ ಸೇರಿದರೆ ಹೊರಡೋದು ಕ್ಲೋರಿನ್ ಅನಿಲ. ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಶ್ವಾಸಕೋಶ ಸುಟ್ಟುಹೋಗುವಷ್ಟು ಅಪಾಯ. ವಿನೆಗರ್ ಕೂಡ ಆಮ್ಲವೇ, ಅದನ್ನೂ ಸೇರಿಸಬಾರದು. ಅಮೋನಿಯಾ ಇರುವ ಕ್ಲೀನರ್ ಸೇರಿದರೆ ಇನ್ನೊಂದು ವಿಷದ ಗಾಳಿ. ಒಂದು ಸಲಕ್ಕೆ ಒಂದೇ ವಸ್ತು, ಇನ್ನೊಂದು ಮುಟ್ಟುವ ಮುಂಚೆ ಜಾಗ ಚೆನ್ನಾಗಿ ತೊಳೆದಿರಬೇಕು.

ಅಕ್ಕಾ, ನಿಮಗೆ ಹೇಳ್ತೀನಿ. ಮೊದಲು ಮಗುವನ್ನು ಆ ಕೋಣೆಯಲ್ಲಿ ಮಲಗಿಸೋದು ನಿಲ್ಲಿಸಿ, ಕೆಮ್ಮಿಗೆ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಬೂಸ್ಟಿದೆ ಅಂತಲೂ ಬಾಯಿಬಿಟ್ಟು ಹೇಳಿ, ಅವರಾಗಿ ಕೇಳೋದು ಕಡಿಮೆ. ತೇವ ಮತ್ತು ಬೂಸ್ಟಿರುವ ಮನೆಯವರಿಗೆ ಉಬ್ಬಸ, ಉಸಿರಾಟದ ತೊಂದರೆ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ. ಹಾಗಂತ 2021ರ ಬ್ಲ್ಯಾಕ್ ಫಂಗಸ್ ನೆನಪಿಸಿಕೊಂಡು ಹೆದರಬೇಡಿ, ಗೋಡೆಯ ಕಪ್ಪು ಚುಕ್ಕೆ ಸಾಮಾನ್ಯವಾಗಿ ಬೇರೆ ಜಾತಿಯದು. ಬಣ್ಣ ನೋಡಿ ಇದು ವಿಷ, ಇದು ಅಲ್ಲ ಅಂತ ಹೇಳೋಕಾಗಲ್ಲ. ಕಪ್ಪೋ ಹಸಿರೋ, ತೆಗೀಬೇಕು ಅಷ್ಟೆ.

ತೆಗೆಯೋವಾಗ ಎನ್95 ಮಾಸ್ಕ್ (ಬಟ್ಟೆ ಮಾಸ್ಕ್ ಪ್ರಯೋಜನ ಇಲ್ಲ), ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ಫ್ಯಾನ್ ಆಫ್ ಮಾಡಿ. ಕೋಣೆಯ ಬಾಗಿಲು ಹಾಕಿ, ಅದರ ಕೆಳಗಿನ ಸಂದಿಗೆ ಹಳೆ ಬೆಡ್‌ಶೀಟ್ ಒತ್ತಿ, ಕಿಟಕಿ ತೆರೆದಿಡಿ. ಒಣಗಿದ ಬೂಸ್ಟನ್ನು ಪೊರಕೆಯಲ್ಲಿ ಗುಡಿಸೋದು, ಬ್ರಷ್‌ನಿಂದ ಕೆರೆಯೋದು ಬೇಡ, ಬೀಜಕಣ ಮನೆಯೆಲ್ಲ ಹಾರುತ್ತೆ. ಮೊದಲು ಸ್ಪ್ರೇ ಬಾಟಲಿಯಿಂದ ಸೋಪಿನ ನೀರು ಚಿಮುಕಿಸಿ ಒದ್ದೆ ಮಾಡಿ, ಆಮೇಲೆ ಹಳೆ ಬಟ್ಟೆಯಲ್ಲಿ ಒರೆಸಿ. ಒಂದು ಬಟ್ಟೆ ಕೊಳೆಯಾಯಿತಾ, ಪಾಲಿಥಿನ್ ಚೀಲಕ್ಕೆ ಹಾಕಿ ಕಟ್ಟಿ, ಇನ್ನೊಂದು ತಗೊಳ್ಳಿ. ಅದೇ ಬಟ್ಟೆ ಬಕೆಟ್‌ಗೆ ಅದ್ದಿ ಅದ್ದಿ ಒರೆಸಿದರೆ ಹರಡಿದ ಹಾಗಾಗುತ್ತೆ. ಬಳಿಕ ಒಣ ಬಟ್ಟೆಯಿಂದ ತೇವ ತೆಗೆದು ಒಣಗಲು ಬಿಡಿ. ಸೋಪಿನ ನೀರು ಸಾಲದಿದ್ದರೆ ಬಿಳಿ ವಿನೆಗರ್ ಸಿಂಪಡಿಸಿ ಒಂದು ಗಂಟೆ ಬಿಟ್ಟು ಒರೆಸಬಹುದು.

ಬ್ಲೀಚ್ ಟೈಲ್ಸ್, ಗಾಜು, ಸಿಂಕ್‌ಗೆ ಸರಿ. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಲೋಟಕ್ಕಿಂತ, ಅಂದರೆ ಸುಮಾರು 240 ಮಿಲಿಗಿಂತ ಹೆಚ್ಚು ಬೇಡ. ಪ್ಲಾಸ್ಟರ್, ಮರ, ಪ್ಲೈವುಡ್‌ಗೆ ಅದು ಉಪಯೋಗವಿಲ್ಲ. ಮೇಲಿನ ಬಣ್ಣ ಬಿಳಿಯಾಗುತ್ತೆ, ನೀರು ಮಾತ್ರ ಒಳಗೆ ಇಳಿದು ಬೇರಿಗೆ ಇನ್ನಷ್ಟು ತೇವ ಸಿಗುತ್ತೆ. ಬೆಳ್ಳಗಾಯ್ತು ಅಂದರೆ ಹೋಯ್ತು ಅಂತಲ್ಲ. ಸತ್ತ ಬೂಸ್ಟಿನಿಂದಲೂ ಅಲರ್ಜಿ ಆಗುತ್ತೆ, ಒರೆಸಿ ಆಚೆ ಹಾಕಲೇಬೇಕು.

ಮೂರಡಿಗೆ ಮೂರಡಿಗಿಂತ ದೊಡ್ಡ ಜಾಗವಾದರೆ ನೀವು ಕೈ ಹಾಕಬೇಡಿ, ಕೆಲಸದವರನ್ನು ಕರೆಸಿ. ಮನೆಯಲ್ಲಿ ಆಸ್ತಮಾ ಇದ್ದವರು, ಕಿಮೋ ತಗೊಳ್ತಿರುವವರು ಇದ್ದರೆ ಅವರು ಆ ದಿನ ಮನೆಯಲ್ಲೇ ಇರಬಾರದು. ಪ್ಲೈವುಡ್ ಉಬ್ಬಿ ಪದರ ಬಿಟ್ಟಿದ್ದರೆ ಆ ಹಿಂಬದಿ ಹಲಗೆ ಬದಲಿಸಿ, ಹಾಸಿಗೆಯೊಳಗೆ ಇಳಿದಿದ್ದರೆ ಹಾಸಿಗೆ ಬಿಸಾಕಿ. ಹೊಟ್ಟೆ ಉರಿಯುತ್ತೆ, ಗೊತ್ತು.

ಪುಣೆಯಿಂದ, ಕೋಥ್ರೂಡ

ನಮ್ಮದು ಮೂಲ ವಿಜಯಪುರ. ಬಿಸಲಾಗ ಬೆಳದಾವ್ರಿಗೆ ಈ ಬೂಸರದ ಕಾಟ ಇಲ್ಲಿ ಬಂದ ಮ್ಯಾಲೇ ಗೊತ್ತಾತು. ಪುಣೆದಾಗ ಮಳಿ ಮುಂಬೈದಷ್ಟ ಇಲ್ಲ, ಆದ್ರ ಜುಲೈದಾಗ ಜಿಟಿಜಿಟಿ ಹಿಡೀತಂದ್ರ ವಾರಗಟ್ಲೆ ಸೂರ್ಯ ಕಾಣಂಗಿಲ್ಲ. ಗಾಳಿಯಾಗಿನ ತೇವ ಅಳಿಯೂ ಹ್ಯುಮಿಡಿಟಿ ಮೀಟರ್ ಒಂದು ತಗೋರಿ, ಕೆಲವು ನೂರು ರೂಪಾಯಿ ಅಷ್ಟ. ತೇವ 60 ಪರ್ಸೆಂಟಿನ ಕೆಳಗ ಇಟ್ರ ಬೂಸರ ಬೆಳ್ಯೂದು ಕಷ್ಟ.

ಕಿಡಕಿ ತಗದು ಇಡ್ರಿ ಅಂತ ಎಲ್ಲಾರೂ ಹೇಳ್ತಾರ. ಅದು ಚಳಿ ದೇಶದವ್ರ ಮಾತು. ಜುಲೈದಾಗ ಹೊರಗಿನ ಗಾಳಿನ 85-90 ಇರ್ತದ, ಇಡೀ ದಿನ ತಗದ್ರ ಒಳಗ ಒಣಗೂದು ಎಲ್ಲಿಂದ? ಬಿಸಲು ಬಿದ್ದಾಗ ತಗೀರಿ. ಅಡಿಗಿ, ಸ್ನಾನ ನಡದಾಗ ಎಕ್ಸಾಸ್ಟ್ ಹಚ್ಚರಿ. ಎಸಿ ಇದ್ರ ಡ್ರೈ ಮೋಡಿನ್ಯಾಗ ಒಂದೆರಡು ತಾಸು ಇಡ್ರಿ. ಚಿಮಣಿ ಅದ ಅಂತ ನಂಬಬ್ಯಾಡ್ರಿ, ಪೈಪ ಇಲ್ಲದ ಚಿಮಣಿ ಎಣ್ಣಿ ಹಿಡೀತದ, ಹಬಿ ಮತ್ತ ಅಡಿಗಿಮನ್ಯಾಗ ಬಿಡ್ತದ. ಒದ್ದಿ ಅರಬಿ ಬೆಡ್‌ರೂಮಿನ್ಯಾಗ ಒಣಹಾಕಬ್ಯಾಡ್ರಿ, ಒಂದು ಮಷೀನ್ ಅರಬಿಯಿಂದ ಲೀಟರ್‌ಗಟ್ಲೆ ನೀರು ಗಾಳಿಗೆ ಸೇರ್ತದ. ಕಪಾಟು ಗ್ವಾಡಿಯಿಂದ ನಾಲ್ಕು ಬೆರಳು ದೂರ.

ಮಾಟುಂಗಾದಿಂದ

ಸೀರೆ ಬಗ್ಗೆ ಯಾರೂ ಹೇಳಲಿಲ್ಲ. ಬಾಲ್ಕನಿಯಲ್ಲಿ, ಮಾಸ್ಕ್ ಹಾಕಿಕೊಂಡು, ಮೆತ್ತಗಿನ ಬ್ರಷ್‌ನಿಂದ ಬೂಸ್ಟು ಉದುರಿಸಿ, ನೆರಳಲ್ಲಿ ಗಾಳಿಗೆ ಹಾಕಿ. ನೇರ ಬಿಸಿಲಿಗೆ ಬಣ್ಣ ಹೋಗುತ್ತೆ. ಕಲೆ ಇದ್ದರೆ ಡ್ರೈ ಕ್ಲೀನ್. ಮತ್ತೆ ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ. ನುಸಿಗುಳಿಗೆ ಹುಳಕ್ಕೆ ಸರಿ, ತೇವ ಎಳೆಯಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ಎಳೆಯುತ್ತವೆ, ಆದರೆ ಅದರಲ್ಲಿ ತುಂಬುವ ನೀರು ಚೆಲ್ಲಿದರೆ ಸೀರೆಯೂ ಹಾಳು, ಕಬ್ಬಿಣವೂ ಹಾಳು. ಕೆಳಗಿನ ಅರೆಯಲ್ಲಿ, ಮಗುವಿಗೆ ಸಿಗದ ಹಾಗೆ ಇಡಿ.

ಗೋವಾದಿಂದ, ಮಡಗಾಂವ್

ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಹತ್ತಿರ ಮಳೆ. ನಾವಿರೋದು ಹಳೆ ಮುರಕಲ್ಲಿನ ಮನೆ. ಕಾರವಾರ, ಕುಮಟೆ ಕಡೆಯವರಿಗೆ ಗೊತ್ತಿದ್ದದ್ದೇ: ಮಳೆ ಹೊಡೆಯುವ ಬದಿಗೆ ಜೂನ್ ಒಳಗೆ ತೆಂಗಿನ ಮಡಲಿನ ತಟ್ಟಿ ಕಟ್ಟೋದು. ಈಗ ಎಲ್ಲರೂ ನೀಲಿ ತಾಡಪತ್ರಿ ಕಟ್ತಾರೆ, ಕೆಲಸ ಅದೇ. ಹಳೆ ಗೋಡೆಗೆ ಸುಣ್ಣವೇ ಒಳ್ಳೇದು. ಅದು ಕ್ಷಾರ, ಬೂಸ್ಟಿಗೆ ಆಗಿಬರೋದಿಲ್ಲ, ಗೋಡೆಯ ಪಸೆಯೂ ಆವಿಯಾಗಿ ಹೋಗಲು ಬಿಡ್ತದೆ. ಹಿಂದೆ ಇದ್ದ ಬಾಡಿಗೆದಾರರು ಹಾಲ್‌ಗೆ ಪ್ಲಾಸ್ಟಿಕ್ ಪೇಂಟ್ ಮಾಡಿಸಿದ್ದರು. ಸುಣ್ಣದ ಕೋಣೆ ನೆಟ್ಟಗಿದೆ, ಹಾಲ್‌ನಲ್ಲಿ ಮಾತ್ರ ಹಪ್ಪಳ ಹಪ್ಪಳವಾಗಿ ಏಳ್ತಾ ಇದೆ.

ಡೊಂಬಿವಲಿಯಿಂದ

ಎಲ್ಲರಿಗೂ ಧನ್ಯವಾದ. ಫಾಯಿಲ್ ತೆಗೆದೆ, ಹಿಂದೆ ನೀರು. ಛಜ್ಜಾ ಮೇಲೆ ಅರಳಿ ಗಿಡವೂ ಇದೆ! ರಿಪೇರಿಯನ್ನು ಕಟ್ಟಡದ ಹೌಸಿಂಗ್ ಸೊಸೈಟಿಯವರು ಮಾಡಿಸಬೇಕು ಅಂತ ಮಾಲೀಕರು ಅಂತಾರೆ, ಸೆಕ್ರೆಟರಿ ಫ್ಲ್ಯಾಟಿನವರೇ ಮಾಡಿಸಬೇಕು ಅಂತಾರೆ.

ಮುಲುಂಡ್‌ನಿಂದ

ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ (ನಿಯಮಾವಳಿ) ಪ್ರಕಾರ ಮಳೆನೀರಿನ ಸೋರಿಕೆ, ಹೊರಗಿನ ಸಾಮಾನ್ಯ ಪೈಪಿನ ಸೋರಿಕೆ ಸೊಸೈಟಿ ಖರ್ಚಿನದು. ಫ್ಲ್ಯಾಟಿನೊಳಗಿನ ಟಾಯ್ಲೆಟ್, ಸಿಂಕ್ ಸೋರಿದರೆ ಆಯಾ ಸದಸ್ಯರದು. ನಿಮ್ಮದು ಮೊದಲನೆಯದು. ನೀವು ಬಾಡಿಗೆದಾರರು, ಆದ್ದರಿಂದ ಅರ್ಜಿ ಮಾಲೀಕರ ಹೆಸರಲ್ಲೇ ಹೋಗಲಿ. ಛಜ್ಜಾ, ಗಿಡ, ಫಾಯಿಲ್, ಒಳಗಿನ ಗೋಡೆ, ನಾಲ್ಕರ ಫೋಟೋ ತಾರೀಖು ಸಮೇತ ಲಗತ್ತಿಸಿ. ಈ ಮಳೆಯಲ್ಲಿ ಹೊರಗಿನ ಪ್ಲಾಸ್ಟರ್ ಮಾಡಿಸೋಕಾಗಲ್ಲ, ಸದ್ಯಕ್ಕೆ ಟೆರೇಸ್‌ನಿಂದ ಆ ಗೋಡೆಗೆ ತಾಡಪತ್ರಿ ಇಳಿಬಿಡಿ ಅಂತ ಕೇಳಿ, ಅದಕ್ಕೆ ಯಾರೂ ಇಲ್ಲ ಅನ್ನಲ್ಲ. ಅರ್ಜಿಯ ಇನ್ನೊಂದು ಪ್ರತಿಗೆ ಸೊಸೈಟಿ ಸೀಲು ಹಾಕಿಸಿ ಮಾಲೀಕರು ಇಟ್ಟುಕೊಳ್ಳಲಿ, ಮಳೆ ನಿಂತ ಮೇಲೆ ಜನರಲ್ ಬಾಡಿ ಮೀಟಿಂಗಿನಲ್ಲಿ ಅದೇ ಬೇಕಾಗೋದು.