ವಿಮಾನಯಾನದಲ್ಲಿ ಯಾವ ದೇಶ ದೊಡ್ಡದು, ಅಳೆಯೋದು ಹೇಗೆ?

ಪ್ರಶ್ನೆ: ಇಂಡಿಯಾ ಡೊಮೆಸ್ಟಿಕ್ ಮಾರ್ಕೆಟ್‌ನಲ್ಲಿ ಅಮೆರಿಕ, ಚೀನಾ ಆದ್ಮೇಲೆ ಮೂರನೇ ಸ್ಥಾನ ಅಂತಾರೆ, ಆದ್ರೆ ನಮ್ಮ ಜನಸಂಖ್ಯೆಗೆ ಹೋಲಿಸಿದ್ರೆ ಇದು ನಿಜವಾಗ್ಲೂ ದೊಡ್ಡದಾ? ಯಾವ ಲೆಕ್ಕ ನಂಬ್ಬೇಕು?

ಉತ್ತರ 1: ಮೂರನೇ ಸ್ಥಾನ ನಿಜಾನೇ. 2023ರಲ್ಲಿ ಇಲ್ಲಿ ಡೊಮೆಸ್ಟಿಕ್ ಪ್ಯಾಸೆಂಜರ್ಸ್ ಸುಮಾರು 15 ಕೋಟಿ, ಅಮೆರಿಕದಲ್ಲಿ 75 ಕೋಟಿಗೂ ಮೇಲೆ, ಅಲ್ಲಿ ಜನ ಇರೋದೇ 33 ಕೋಟಿ ಚಿಲ್ಲರೆ, ಅಂದ್ರೆ ತಲೆಗೆ ವರ್ಷಕ್ಕೆ ಎರಡು ಸಲಕ್ಕಿಂತ ಜಾಸ್ತಿ, ನಮ್ಮಲ್ಲಿ ಹತ್ತು ಜನಕ್ಕೆ ಒಂದು ಟಿಕೆಟ್ ಬರುತ್ತೆ ಅಷ್ಟೇ. ಅದೂ ಒಬ್ಬರೇ ಹತ್ತು ಸಲ ಹೋದ್ರೂ ಹತ್ತು ಅಂತಾನೇ ಎಣಿಸ್ತಾರೆ, ಹಾಗಾಗಿ ವಿಮಾನ ಹತ್ತಿದವರು ಇನ್ನೂ ಕಮ್ಮಿ.

ಉತ್ತರ 2: ತಲೆ ಎಣಿಸಿದ್ರೆ ಸಾಲಲ್ಲ, ದೂರಾನೂ ನೋಡ್ಬೇಕು. ಬೆಂಗಳೂರು-ಹುಬ್ಬಳ್ಳಿ ಹೋದವ್ರೂ ಒಬ್ಬ ಪ್ಯಾಸೆಂಜರ್, ಬೆಂಗಳೂರು-ದೆಹಲಿ ಹೋದವ್ರೂ ಒಬ್ಬ ಪ್ಯಾಸೆಂಜರ್. ಅದಕ್ಕೇ ಇಂಡಸ್ಟ್ರಿಯವ್ರು ಪ್ಯಾಸೆಂಜರ್-ಕಿಲೋಮೀಟರ್ ಲೆಕ್ಕ ಹಿಡಿತಾರೆ, ಅಂದ್ರೆ ಒಬ್ಬೊಬ್ಬ ಪ್ಯಾಸೆಂಜರ್ ಹೋದ ದೂರಾನೆಲ್ಲ ಕೂಡಿಸ್ತಾರೆ, ನನಗೂ ಅದೇ ಸರಿ ಅನ್ಸುತ್ತೆ. ಆದ್ರೆ ಅದರಲ್ಲೂ ದುಬೈ ಥರದ ಜಾಗ ಬಂದ್ರೆ ಕಷ್ಟ, ಅಲ್ಲಿ ಡೊಮೆಸ್ಟಿಕ್ ಅನ್ನೋದು ಹೆಚ್ಚೂಕಮ್ಮಿ ಇಲ್ಲ, ಬೇರೆ ದೇಶದವ್ರು ಬಂದು ವಿಮಾನ ಬದಲಾಯಿಸ್ಕೊಂಡು ಹೋಗ್ತಾರೆ, ಆದ್ರೂ ಇಂಟರ್‌ನ್ಯಾಷನಲ್ ಪ್ಯಾಸೆಂಜರ್ಸ್‌ನಲ್ಲಿ ಜಗತ್ತಿಗೇ ನಂಬರ್ ಒನ್ ಏರ್‌ಪೋರ್ಟ್ ಅದು.

ಉತ್ತರ 3: ಏರ್‌ಲೈನ್ಸ್ ಮಾತ್ರ ಸಿವಿಲ್ ಏವಿಯೇಷನ್ ಅಲ್ಲ ಸರ್. ಅಮೆರಿಕದಲ್ಲಿ ಖಾಸಗಿ, ಟ್ರೈನಿಂಗ್, ಹೊಲಕ್ಕೆ ಔಷಧಿ ಹೊಡಿಯೋ ಸಣ್ಣ ವಿಮಾನಗಳೇ 2 ಲಕ್ಷದಷ್ಟಿವೆ. ನಮ್ಮಲ್ಲಿ ಬೆಂಗಳೂರಿನ ಜಕ್ಕೂರಿನಂಥ ಫ್ಲೈಯಿಂಗ್ ಸ್ಕೂಲ್‌ಗಳು ಕಮ್ಮಿ. ಇಂಡಿಗೋ 2023ರಲ್ಲಿ 500 ವಿಮಾನ ಆರ್ಡರ್ ಮಾಡ್ತು, ಏರ್ ಇಂಡಿಯಾ 470, ಆದ್ರೆ ಅವನ್ನ ಓಡಿಸೋಕೆ ಪೈಲಟ್‌ಗಳು, ಮೆಕ್ಯಾನಿಕ್‌ಗಳು ಇಲ್ಲೇ ತಯಾರಾಗ್ಬೇಕಲ್ವಾ, ನಾವು ಮೊದ್ಲು ಅದನ್ನ ಎಣಿಸ್ಬೇಕು.