ಡಿ-ವಾನ್ ಡಡ್ಲಿ ಬರೀ ಟೇಬಲ್ ತರೋನಾ?

ರಿಂಗ್‌ಸೈಡ್_ರಾಘು:

ಟಿಎನ್‌ಎ ಅನ್ನೋ ಅಮೆರಿಕದ ರೆಸ್ಲಿಂಗ್ ಕಂಪನಿಯ ಶೋ, 2025ರ ಅಕ್ಟೋಬರ್‌ನ ಬೌಂಡ್ ಫಾರ್ ಗ್ಲೋರಿ ಈಗಷ್ಟೇ ಕೂತು ನೋಡಿದೆ. ಅಮೆರಿಕದ ಲೋವೆಲ್‌ನಲ್ಲಿ ನಡೆದಿದ್ದು. ಬಬ್ಬಾ ರೇ, ಡಿ-ವಾನ್ ಅನ್ನೋ ಡಡ್ಲಿ ಜೋಡಿಯ ಕಡೇ ಮ್ಯಾಚು, ಎದುರಿಗೆ ಹಾರ್ಡಿ ಅಣ್ಣತಮ್ಮಂದಿರು (ಮ್ಯಾಟ್, ಜೆಫ್), ಎದುರಾಳಿನ ಟೇಬಲ್ ಮೇಲೆ ಒಗೆದು ಅದನ್ನ ಮುರಿದೋರೇ ಗೆಲ್ಲೋ ಟೇಬಲ್ ಮ್ಯಾಚು. ಹಾರ್ಡಿಗಳು ಗೆದ್ರು, ಅದಿರಲಿ. ನನಗೆ ಕೊರೀತಿರೋದು ಬೇರೆ. ಬಬ್ಬಾ ರೇ ಬಗ್ಗೆ ಎಲ್ಲರೂ ಮಾತಾಡ್ತಾರೆ. ಮೈಕ್ ಹಿಡಿದ್ರೆ ಜನ ರೊಚ್ಚಿಗೇಳ್ತಿದ್ರು, ಬುಲ್ಲಿ ರೇ ಅಂತ ಹೆಸರು ಬದಲಾಯಿಸ್ಕೊಂಡು 2013ರಲ್ಲಿ ಟಿಎನ್‌ಎ ವರ್ಲ್ಡ್ ಚಾಂಪಿಯನ್ನೂ ಆದ. ಡಿ-ವಾನ್ ಒಂಟಿಯಾಗಿ ಗಳಿಸಿದ್ದು ಅಂದ್ರೆ 2012ರ ಟಿಎನ್‌ಎ ಟೆಲಿವಿಷನ್ ಚಾಂಪಿಯನ್ ಬೆಲ್ಟು. ನನ್ನ ರೂಮ್‌ಮೇಟ್ ಅಂತೂ "ಅವ್ನು ಟೇಬಲ್ ತರೋನು ಕಣೋ, ಅಷ್ಟೇ" ಅಂತ ನಗ್ತಾನೆ. ಆ ಜೋಡಿ ಮೆರೀತಿದ್ದ ಕಾಲದಲ್ಲಿ ನಾನು ತೊಟ್ಟಿಲಲ್ಲಿದ್ದೆ. ಹಳಬರು ಯಾರಾದ್ರೂ ಹೇಳ್ತೀರಾ, ಆ ಜೋಡಿಯಲ್ಲಿ ಇವನ ಪಾಲು ನಿಜವಾಗ್ಲೂ ಏನು?

ಕಾರ್ಡ್‌ಕಿಂಗ್_ಮೈಸೂರು:

2018ರಲ್ಲಿ ಡಬ್ಲ್ಯುಡಬ್ಲ್ಯುಇ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು ಇಬ್ಬರನ್ನೂ ಗುರು. ವೇದಿಕೆಗೆ ಕರೆದಿದ್ದು ಇವರ ಹಳೇ ಎದುರಾಳಿ ಜೋಡಿ ಎಡ್ಜ್, ಕ್ರಿಶ್ಚಿಯನ್. ರೂಮ್‌ಮೇಟ್‌ಗೆ ಅಷ್ಟು ಹೇಳಿ ಮಲಕ್ಕೋ.

ಶಾಮಿಯಾನ_ಮಂಜಣ್ಣ (ದಾವಣಗೆರೆ):

ತಮ್ಮಾ ರಾಘು, ಟೇಬಲ್ ತರೋ ಕೆಲಸಾನ ಅಷ್ಟು ಹಗುರವಾಗಿ ಮಾತಾಡ್ಬಾರ್ದು. ನನ್ನ ಹೊಟ್ಟೆಪಾಡೇ ಅದು. ಮದುವೆ, ಗೃಹಪ್ರವೇಶ, ಗಣಪತಿ ಪೆಂಡಾಲಿಗೆ ಟೇಬಲ್ಲು ಕುರ್ಚಿ ಬಾಡಿಗೆಗೆ ಕೊಡ್ತೀನಿ. ನಮ್ಮ ಊಟದ ಟೇಬಲ್ಲು ಕಬ್ಬಿಣದ ಫ್ರೇಮು, ದಪ್ಪ ಪ್ಲೈವುಡ್ಡು, ಮೇಲೆ ಸನ್ಮೈಕ. ಅದರ ಮೇಲೆ ಬಬ್ಬಾ ಯಾರನ್ನಾದ್ರೂ ಎತ್ತಿ ಒಗೆದ್ರೆ ಟೇಬಲ್ಲಿಗೆ ಏನೂ ಆಗಲ್ಲ, ಬಿದ್ದೋನ ಬೆನ್ನು ಹೋಗ್ತದೆ. ಅವರದ್ದು ತೆಳು ಹಲಗೆ, ಮಡಚೋ ಕಾಲು, ಮುರೀಲಿ ಅಂತಲೇ ತರೋದು. ಆದ್ರೂ ಅದು ಲಕ್ಷಣವಾಗಿ ಮುರಿಯೋದು ನಟ್ಟನಡುವೆ ಬೆನ್ನು ಅಗಲವಾಗಿ ಬಿದ್ರೆ ಮಾತ್ರ. ಕಾಲಿನ ಕಡೆ ಬಿದ್ರೆ ಹಲಗೆ ಹಾಗೇ ನಿಲ್ತದೆ, ಇಲ್ಲಾಂದ್ರೆ ಒಂದು ಕಾಲು ಮಡಚ್ಕೊಂಡು ಜಾರ್ತದೆ. ಹಾಗಾದ್ರೆ ಟೇಬಲ್ಲು ಎಲ್ಲಿಡಬೇಕು, ಎಷ್ಟು ದೂರ, ಯಾವ ಕಡೆ ಮುಖ ಅನ್ನೋದನ್ನ ಜನ ಕಿರುಚಾಡ್ತಿರೋವಾಗ, ಒಬ್ಬ ಎದುರಾಳಿ ಕೆಳಗೆ ಬಿದ್ದಿರೋವಾಗ, ಒಂದು ನಿಮಿಷದಲ್ಲಿ ಲೆಕ್ಕ ಹಾಕೋನು ಯಾರು? ಬಬ್ಬಾ "ಡಿ-ವಾನ್! ಗೆಟ್ ದ ಟೇಬಲ್ಸ್!" ಅಂತ ಕೂಗಿ ಎದೆಗೆ ಕೈಹಾಕಿ ತಳ್ಳಿದ್ರೆ, ಅವನು ರಿಂಗಿನ ಕೆಳಗಿಂದ ಎಳೆದು ತಂದು ಇಟ್ಟ ಜಾಗದಲ್ಲೇ ಮುಂದಿನವನ ಬೆನ್ನು ಉಳಿಯೋದು.

ಇನ್ನು 3ಡಿ, ಇಬ್ಬರೂ ಸೇರಿ ಹೊಡೆಯೋ ಇವರ ಕಡೇ ಪೆಟ್ಟು. ಮೊಬೈಲಲ್ಲಿ ನಿಧಾನಕ್ಕೆ ಓಡಿಸಿ ನೋಡು. ಎದುರಾಳಿ ಹಗ್ಗಕ್ಕೆ ಹೋಗಿ ವಾಪಸ್ ಓಡಿ ಬರ್ತಾನೆ. ಡಿ-ವಾನ್ ಬಗ್ಗಿ ಎರಡೂ ತೊಡೆ ಹಿಡಿದು ಅವನನ್ನ ಮೇಲಕ್ಕೆ ಚಿಮ್ಮಿಸ್ತಾನೆ. ಆ ಮನುಷ್ಯ ಹೊಟ್ಟೆ ಕೆಳಗಾಗಿ ಗಾಳಿಯಲ್ಲಿರೋವಾಗ ಪಕ್ಕದಿಂದ ಬಬ್ಬಾ ಹಾರಿ ಕತ್ತು ಹಿಡಿದು ಕೆಳಗೆ ಕೆಡವ್ತಾನೆ. ಫೋಟೋದಲ್ಲಿ ಬಬ್ಬಾ ಕಾಣ್ತಾನೆ, ಜನ ಚಪ್ಪಾಳೆ ಹೊಡೆಯೋದು ಅವನು ಬಿದ್ದ ಸದ್ದಿಗೆ. ಆದ್ರೆ ಎತ್ತೋದು, ಎಷ್ಟೆತ್ತರ ಎತ್ತೋದು, ಕೈ ಯಾವಾಗ ಬಿಡೋದು ಪೂರ್ತಿ ಡಿ-ವಾನ್‌ದು. ಒಂಚೂರು ಮುಂಚೆ ಬಿಟ್ರೆ ಬಬ್ಬಾನ ಕೈಗೆ ಬರೀ ಗಾಳಿ. ತಡವಾದ್ರೆ ಕೆಳಗಿರೋನ ಕತ್ತಿನ ಗತಿ ನೀನೇ ಯೋಚನೆ ಮಾಡು. ಅದೂ ಒಂದೊಂದು ರಾತ್ರಿ ಒಂದೊಂದು ತೂಕದೋನು. ಈವತ್ತು ತೆಳ್ಳಗಿನ ಜೆಫ್ ಹಾರ್ಡಿ, ನಾಳೆ ಗುಡಾಣದಂಥೋನು. ಪೆಟ್ಟು ಮಾತ್ರ ಒಂದೇ ಥರ ಬೀಳಬೇಕು.

ಟ್ಯಾಗ್ ಮ್ಯಾಚು ಅಂದ್ರೆ ಜೋಡಿ ಮ್ಯಾಚು, ಒಬ್ಬ ಒಳಗೆ, ಜೊತೆಗಾರ ಮೂಲೆಯಲ್ಲಿ, ಕೈ ಮುಟ್ಟಿದ ಮೇಲೆ ಅವನ ಪಾಳಿ. ಅದರ ಗುಟ್ಟೇ ಏನಂದ್ರೆ, ಒಬ್ಬ ಹೊಡೆಸ್ಕೊಳ್ಳಬೇಕು. ಹತ್ತು ನಿಮಿಷದ ಮ್ಯಾಚಲ್ಲಿ ಐದಾರು ನಿಮಿಷ ಒಬ್ಬನೇ ಅವರ ಮೂಲೆಯಲ್ಲಿ ಸಿಕ್ಕಿ ತಿಂತಿರ್ತಾನೆ. ತೆವಳ್ಕೊಂಡು ತನ್ನ ಮೂಲೆಗೆ ಬರ್ತಾನೆ, ಇನ್ನೇನು ಕೈ ಮುಟ್ಟಬೇಕು, ಯಾರೋ ಕಾಲು ಹಿಡಿದು ಎಳೀತಾರೆ. ಜೊತೆಗಾರ ಅಲ್ಲಿ ನಿಂತು ಕೈ ಚಾಚಿ ಒದ್ದಾಡ್ತಾನೆ, ರೆಫ್ರಿ ಅವನನ್ನ ತಡೆಯೋಕೆ ತಿರುಗಿದಾಗ ಹಿಂದೆ ಇನ್ನೊಂದು ಮೋಸ. ಕಡೆಗೆ ಕೈ ಮುಟ್ಟಿದ್ದೇ ತಡ ಜೊತೆಗಾರ ನುಗ್ಗಿ ಎಲ್ಲರನ್ನೂ ಚಚ್ಚಿದ್ರೆ ಇಡೀ ಸ್ಟೇಡಿಯಂ ಎದ್ದು ನಿಲ್ತದೆ. ನುಗ್ಗೋನಿಗೆ ಹೆಸರು. ಆದ್ರೆ ಹೊಡೆಸ್ಕೊಂಡೋನು ಸರಿಯಾಗಿ ಹೊಡೆಸ್ಕೊಳ್ಳದಿದ್ರೆ ಆ ನುಗ್ಗಾಟಕ್ಕೆ ಯಾರೂ ಕೂಗಲ್ಲ. ಡಡ್ಲಿಗಳು ಒಳ್ಳೆಯವರ ಕಡೆ ಇದ್ದಾಗ ಹೊಡೆಸ್ಕೊಳ್ಳೋ ಪಾಳಿ ಹೆಚ್ಚಾಗಿ ಡಿ-ವಾನ್‌ದೇ.

ಶುರು ಹೇಗಾಯ್ತು ಅಂತಲೂ ಹೇಳ್ತೀನಿ. ಅವನ ನಿಜ ಹೆಸರು ಡೆವನ್ ಹ್ಯೂಸ್, ನ್ಯೂಯಾರ್ಕ್ ರಾಜ್ಯದ ನ್ಯೂ ರೋಷೆಲ್‌ನೋನು, ಹುಟ್ಟಿದ್ದು 1972. ಫಿಲಡೆಲ್ಫಿಯಾದ ಇಸಿಡಬ್ಲ್ಯು ಅನ್ನೋ ರೆಸ್ಲಿಂಗ್ ಕಂಪನಿಗೆ 1996ರಲ್ಲಿ ಬಂದ. ಅಲ್ಲಿ ಮೊದಲೇ ಒಂದು ಡಡ್ಲಿ ವಂಶ ಇತ್ತು. ಒಬ್ಬನೇ ಅಪ್ಪ, ಊರೂರಲ್ಲಿ ಬೇರೆ ಬೇರೆ ಅಮ್ಮಂದಿರು, ಎಲ್ಲರಿಗೂ ದಪ್ಪ ಕನ್ನಡಕ, ಬಣ್ಣ ಬಣ್ಣದ ಟೈ-ಡೈ ಬನಿಯನ್. ಬಬ್ಬಾಗೆ ಆಗ ತೊದಲೋ ಪಾತ್ರ. ನಗೆಪಾಟಲಿನ ಕುಟುಂಬ ಅದು. ಅಲ್ಲಿಗೆ ಈ ಕಪ್ಪು ಅಣ್ಣತಮ್ಮ ನಗೋದೇ ಇಲ್ಲದ ಮುಖ ಹಾಕ್ಕೊಂಡು ಬಂದು, ನಮ್ಮ ವಂಶದ ಮಾನ ಕಳೀತಿದ್ದೀರಿ ಅಂತ ಸ್ವಂತ ಕುಟುಂಬಕ್ಕೇ ಬಾರಿಸ್ದ. ಆಮೇಲೆ ಬಬ್ಬಾನೂ ಅವನ ದಾರಿಗೆ ಬಂದ. ಅಂದ್ರೆ ಆ ಜೋಡಿಗೆ ಸಿಟ್ಟು ಹತ್ತಿಸಿದ್ದೇ ಇವನು. ಇದನ್ನ ಜನ ಮರೀತಾರೆ. ಇಸಿಡಬ್ಲ್ಯು ಟ್ಯಾಗ್ ಬೆಲ್ಟು 8 ಸಲ ಗೆದ್ರು, ಜನ ಎಷ್ಟು ದ್ವೇಷಿಸ್ತಿದ್ರು ಅಂದ್ರೆ ಕೆಲವು ರಾತ್ರಿ ಗಲಾಟೆ ಅಂಚಿಗೆ ಹೋಗ್ತಿತ್ತು.

1999ರಲ್ಲಿ ಡಬ್ಲ್ಯುಡಬ್ಲ್ಯುಎಫ್, ಅಂದ್ರೆ ಈಗಿನ ಡಬ್ಲ್ಯುಡಬ್ಲ್ಯುಇ. ಆಮೇಲಿಂದು ನಿನಗೆ ಗೊತ್ತಿರಬೇಕು. 2000ದ ಜನವರಿಯಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಾರ್ಡಿಗಳ ಜೊತೆ ಟೇಬಲ್ ಮ್ಯಾಚು. ಜೆಫ್ ಬಾಲ್ಕನಿಯಿಂದ ಹಾರಿದಾಗ ಕೆಳಗೆ ಟೇಬಲ್ ಮೇಲೆ ಮಲಗಿದ್ದೋನು ಡಿ-ವಾನ್. ಹಾರಿದೋನ ಪೋಸ್ಟರ್ ಎಲ್ಲೆಲ್ಲೂ ಬಂತು. ಅದೇ ಫೆಬ್ರವರಿಯಲ್ಲಿ ಮೊದಲ ಬೆಲ್ಟು. ಆಗಸ್ಟಿನ ಸಮ್ಮರ್‌ಸ್ಲ್ಯಾಮ್‌ನಲ್ಲಿ ಮೊದಲ ಟಿಎಲ್‌ಸಿ, ಟೇಬಲ್ಲು ಏಣಿ ಕುರ್ಚಿ ಮೂರೂ. ಅದರಲ್ಲಿ ಡಿ-ವಾನ್, ಜೆಫ್ ಇಬ್ಬರೂ ಮೇಲೆ ಕಟ್ಟಿದ ಬೆಲ್ಟಿಗೆ ಜೋತು ಬಿದ್ದಿರ್ತಾರೆ, ಕೆಳಗಿನ ಏಣಿ ಹೋಗಿರ್ತದೆ. ಡಿ-ವಾನ್ ಕೈ ಜಾರಿ ಬೆನ್ನು ಅಡಿಯಾಗಿ ಬೀಳ್ತಾನೆ. ಟೇಬಲ್ಲೂ ಇಲ್ಲ ಏನೂ ಇಲ್ಲ, ಬರೀ ರಿಂಗಿನ ನೆಲ. ನನಗೆ ಆ ಮ್ಯಾಚಲ್ಲಿ ಈಗಲೂ ಮೈ ಜುಮ್ ಅನ್ನೋದು ಅದೇ, ಉಳಿದ ಹಾರಾಟ ಅಲ್ಲ.

2002ರಲ್ಲಿ ಕಂಪನಿ ಎರಡು ಭಾಗ ಮಾಡಿ ಇಬ್ಬರನ್ನೂ ಬೇರೆ ಹಾಕ್ತು. ಬಬ್ಬಾ "ರಾ" ಅನ್ನೋ ಶೋಗೆ, ಇವನು "ಸ್ಮ್ಯಾಕ್‌ಡೌನ್" ಶೋಗೆ. ಇವನಿಗೆ ಪಾದ್ರಿ ವೇಷ ಹಾಕಿಸಿದ್ರು, ರೆವರೆಂಡ್ ಡಿ-ವಾನ್ ಅಂತ. ಕಾಣಿಕೆ ಡಬ್ಬಿ ಹೊತ್ಕೊಂಡು ಹಿಂದೆ ಬರ್ತಿದ್ದ ದಾಂಡಿಗ ಯಾರು ಗೊತ್ತಾ? ಬಟಿಸ್ಟಾ! ಬಟಿಸ್ಟಾ ಮೊದಲು ಟಿವಿಗೆ ಬಂದಿದ್ದೇ ಹಾಗೆ. ವೇಷ ನಡೀಲಿಲ್ಲ. ನವೆಂಬರ್‌ನ ಸರ್ವೈವರ್ ಸೀರೀಸ್‌ನಲ್ಲಿ ಬಬ್ಬಾ ಒದೆ ತಿಂತಿರೋವಾಗ ಡಿ-ವಾನ್ ಓಡಿ ಬಂದ. ಆವತ್ತು ಜನ ಕೂಗಿದ್ದನ್ನ ಕೇಳು, ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗ್ತದೆ.

2005ರಲ್ಲಿ ಹೊರಗೆ ಬಂದಾಗ ಡಡ್ಲಿ ಅನ್ನೋ ಹೆಸರು ಕಂಪನಿಯದಾಗೋಯ್ತು. ಟಿಎನ್‌ಎಯಲ್ಲಿ ಟೀಮ್ 3ಡಿ ಅಂತ ಹೊಸದಾಗಿ ಶುರು. 2007ರಲ್ಲಿ ಎನ್‌ಡಬ್ಲ್ಯುಎ ಟ್ಯಾಗ್ ಬೆಲ್ಟು, 2009ರ ಜನವರಿ 4ಕ್ಕೆ ಟೋಕಿಯೋ ಡೋಮ್‌ನಲ್ಲಿ ಜಪಾನಿನ ಐಡಬ್ಲ್ಯುಜಿಪಿ ಬೆಲ್ಟು. 2015ರಲ್ಲಿ ಬ್ರೂಕ್ಲಿನ್‌ನಲ್ಲಿ ಮತ್ತೆ ಡಬ್ಲ್ಯುಡಬ್ಲ್ಯುಇಗೆ ಬಂದು ಒಂದು ವರ್ಷ ಇದ್ರು. ಆಮೇಲೆ ಡಿ-ವಾನ್ ಪರದೆ ಹಿಂದೆ ಪ್ರೊಡ್ಯೂಸರ್ ಆದ, ಅಂದ್ರೆ ಹುಡುಗರ ಮ್ಯಾಚ್ ಕೂಡಿಸಿ ಕೊಡೋ ಕೆಲಸ. ನನ್ನ ಲೆಕ್ಕದಲ್ಲಿ ಅದು ಅವನಿಗೆ ಸಿಗಬೇಕಾದ್ದೇ. 2020ರಲ್ಲಿ ಪಾರ್ಶ್ವವಾಯು ಹೊಡೀತು, ಬೆನ್ನಿನ ಆಪರೇಷನ್ನೂ ಆಗಿತ್ತು. ಅಂಥ ಮೈ ಹೊತ್ಕೊಂಡು ಲೋವೆಲ್‌ಗೆ ಬಂದಿದ್ದು ಅವನು.

ಗರಡಿಮನೆ_ಹುಲಿ:

ಅಣ್ಣಾ, ಇಷ್ಟುದ್ದ ಬರೆದಿರಲ್ಲ, ಎಲ್ಲ ಮೊದಲೇ ಮಾತಾಡ್ಕೊಂಡಿರೋದಲ್ವಾ? ದಸರಾ ಕುಸ್ತಿ ನೋಡೋಕೆ ಬನ್ನಿ, ಮಟ್ಟಿ ಮೇಲೆ ಯಾರೂ ಯಾರಿಗೂ ಹೇಳ್ಕೊಟ್ಟು ಬೀಳಲ್ಲ.

ಶಾಮಿಯಾನ_ಮಂಜಣ್ಣ (ದಾವಣಗೆರೆ):

ಹುಲಿಯಪ್ಪಾ, ಮಟ್ಟಿ ಕುಸ್ತಿಗೆ ನಾನೂ ಕೈ ಮುಗೀತೀನಿ, ನಮ್ಮ ಜಾತ್ರೆ ಕುಸ್ತಿಗೆ ಶಾಮಿಯಾನ ಹಾಕೋನೂ ನಾನೇ. ಯಾರು ಗೆಲ್ಲಬೇಕು ಅನ್ನೋದು ಇಲ್ಲಿ ಮೊದಲೇ ತೀರ್ಮಾನ, ಅದರಲ್ಲಿ ಮುಚ್ಚಿಡೋದೇನಿಲ್ಲ. ಬೀಳೋದು ಮಾತ್ರ ತೀರ್ಮಾನದಿಂದ ಹಗುರ ಆಗಲ್ಲ. ಬೆನ್ನಿನ ಆಪರೇಷನ್ ಯಾರೂ ನಾಟಕಕ್ಕೆ ಮಾಡಿಸ್ಕೊಳ್ಳಲ್ಲ. ಮಟ್ಟಿಯಲ್ಲಿ ಎದುರಾಳಿ ನಿನ್ನ ಶತ್ರು, ಇಲ್ಲಿ ಅವನ ಕತ್ತು ನಿನ್ನ ಜವಾಬ್ದಾರಿ. ಎರಡೂ ಬೇರೆ ಕಸುಬು, ತಕ್ಕಡಿಗೆ ಹಾಕ್ಬೇಡ.

ಕಾರ್ಡ್‌ಕಿಂಗ್_ಮೈಸೂರು:

"ವಾಝಪ್" ತಲೆಗುದ್ದು ಮರೆತ್ರಲ್ಲ ಮಂಜಣ್ಣ! ಬಬ್ಬಾ ಕೆಳಗೆ ಬಿದ್ದ ಎದುರಾಳಿಯ ಎರಡು ಕಾಲು ಅಗಲಿಸಿ ಹಿಡ್ಕೊಳ್ಳೋದು, ಇವನು ಮೇಲಿನ ಹಗ್ಗದಿಂದ ಹಾರಿ ಅಲ್ಲಿಗೇ ತಲೆ ಕೊಡೋದು. ನಮ್ಮ ಹಾಸ್ಟೆಲ್ಲಲ್ಲಿ ದಿಂಬು ಇಟ್ಟು ಇದನ್ನ ಮಾಡೋಕೆ ಹೋಗಿ ವಾರ್ಡನ್ ಕೈಲಿ ತಿಂದೋರು ಎಷ್ಟೋ ಜನ.

ರಿಂಗ್‌ಸೈಡ್_ರಾಘು:

ಮಂಜಣ್ಣ, ದೊಡ್ಡ ಥ್ಯಾಂಕ್ಸ್. ಭಾನುವಾರ ರಜೆ. ಯಾವ ಯಾವ ಮ್ಯಾಚ್ ನೋಡ್ಲಿ? ಎಲ್ಲ ನೋಡೋಕಾಗಲ್ಲ.

ಶಾಮಿಯಾನ_ಮಂಜಣ್ಣ (ದಾವಣಗೆರೆ):

ಮೊದಲು ರಾಯಲ್ ರಂಬಲ್ 2000, ಹಾರ್ಡಿಗಳ ಮೇಲೆ. ಆಮೇಲೆ ಸಮ್ಮರ್‌ಸ್ಲ್ಯಾಮ್ 2000. ಮೂರನೇದು 2001ರ ಏಪ್ರಿಲ್ 1, ಹ್ಯೂಸ್ಟನ್‌ನ ಆಸ್ಟ್ರೋಡೋಮ್‌ನಲ್ಲಿ ನಡೆದ ರೆಸಲ್‌ಮೇನಿಯಾದ ಎರಡನೇ ಟಿಎಲ್‌ಸಿ. ಬಬ್ಬಾ, ಮ್ಯಾಟ್ ಹಾರ್ಡಿ ಏಣಿ ಸಮೇತ ಹೊರಗೆ ಜೋಡಿಸಿಟ್ಟ ಟೇಬಲ್ ಮೇಲೆ ಬೀಳ್ತಾರಲ್ಲ, ಅದು. ಎಡ್ಜ್ ಹಾರಿ ಬಂದು ಜೆಫ್‌ನ ಗಾಳಿಯಲ್ಲೇ ಹೊಡೆಯೋದೂ ಅದರಲ್ಲೇ. ಆ ಎರಡು ದೃಶ್ಯ ನೋಡಿ ಮುಗಿದ ಮೇಲೆ ಅದೇ ಮ್ಯಾಚು ಇನ್ನೊಂದ್ಸಲ ಹಾಕಿ, ಡಿ-ವಾನ್ ಎಲ್ಲಿದ್ದಾನೆ ಅಂತ ಅವನೊಬ್ಬನನ್ನೇ ನೋಡು. ಟೈಮ್ ಉಳಿದ್ರೆ ಇಸಿಡಬ್ಲ್ಯು ಕಾಲದ್ದು ಯಾವುದಾದ್ರೂ ನೋಡು, ಆದ್ರೆ ಬಾಗಿಲು ಹಾಕ್ಕೊಂಡು ನೋಡು, ಬಬ್ಬಾನ ಬಾಯಿ ಮನೆಯೋರ ಮುಂದೆ ಕೇಳೋ ಹಂಗಿಲ್ಲ. ರೆವರೆಂಡ್ ವೇಷದ ತಿಂಗಳುಗಳನ್ನ ಓಡಿಸಿಬಿಡು, ಬಟಿಸ್ಟಾ ಡಬ್ಬಿ ಹೊರೋದು ನೋಡಿ ನಗಬೇಕು ಅಂತಿದ್ರೆ ಮಾತ್ರ ಐದು ನಿಮಿಷ.